ನಾಲ್ಕು ಹೌದು, ಒಂದು ಇಲ್ಲ

ಹೋದ ವಾರ ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಾಯಿಸಲು ಇಳಿದಾಗ ಮಳೆ ಹಿಡಿಯಿತು. ಕೊಡೆ ತಂದಿರಲಿಲ್ಲ. ಓಡಿ ಹೋಗಿ ಒಂದು ರಬ್ಬರ್ ಸ್ಟ್ಯಾಂಪಿನ ಅಂಗಡಿಯ ತಗಡಿನ ಕೆಳಗೆ ನಿಂತೆ. ಅಂಗಡಿಯವನು ಹೊಸ ಪ್ಯಾಡಿಗೆ ನೇರಳೆ ಶಾಯಿ ಹನಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ಬೆರಳುಗಳು ನನ್ನನ್ನು ಕೇಳದೆ ಒಂದೊಂದಾಗಿ ಮಡಚಿಕೊಂಡವು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು, ನಾನು ಯಾರಿಗೋ ಸನ್ನೆ ಮಾಡುತ್ತಿದ್ದೇನೆಂದುಕೊಂಡು ಹಿಂದೆ ತಿರುಗಿ ನೋಡಿದಳು. ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಇಷ್ಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ.

ಆ ಹೆದರಿಕೆ ಶುರುವಾದ ಮಳೆಗಾಲಕ್ಕೆ ನಾವು ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮವರು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಮಗಳು ಒಂದನೇ ಇಯತ್ತೆ. ಆಟೋದಲ್ಲಿ ಶಾಲೆಗೆ ಹೋಗುತ್ತಿದ್ದಳು. ಬಿ.ಎ. ಓದಿದ ನಾನು ಮನೆಯಲ್ಲಿ ಕೂತು ಏನು ಮಾಡುವುದೆಂದು ಎರಡು ಕೆಲಸ ಹಿಡಿದಿದ್ದೆ. ಎರಡೂ ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ಸಿಕ್ಕವು. ತೆಲುಗು, ಹಿಂದಿ, ಉರ್ದು ತುಂಬಿದ ಈ ಊರಿನಲ್ಲಿ ನನ್ನ ಕನ್ನಡಕ್ಕೂ ಗಿರಾಕಿಗಳಿದ್ದಾರಲ್ಲ ಎಂದು ಮೊದಮೊದಲು ಬೀಗಿದ್ದೆ.

ಮೊದಲನೆಯ ಕೆಲಸ ಕಾಚಿಗೂಡದ ಒಂದು ಹಳೆಯ ಮನೆಯಲ್ಲಿ, ವಾರಕ್ಕೆ ಮೂರು ಬೆಳಗು. ಅಲ್ಲಿ ಅಂಬೂಬಾಯಿ ಎಂಬ ಮುದುಕಿ ಇದ್ದರು. ಎಂಬತ್ತು ದಾಟಿತ್ತು, ಕಣ್ಣು ಮಬ್ಬಾಗಿತ್ತು, ನಾಲಿಗೆ ಮಾತ್ರ ಹರಿತವಾಗಿತ್ತು. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆಯಿಯ ಹತ್ತಿರ ಅವರ ಅಜ್ಜ ನಾಗಪ್ಪನವರು ತಮ್ಮ ಮುಪ್ಪಿನಲ್ಲಿ ಬರೆದಿಟ್ಟ ಒಂದು ದಪ್ಪ ನೋಟ್‌ಬುಕ್ ಇತ್ತು. ಮುಟ್ಟಿದರೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪೂರ್ತಿ ಪುಡಿಯಾಗುವ ಮೊದಲು ಅದನ್ನು ಗಟ್ಟಿಯಾಗಿ ಓದುತ್ತಾ ಬೇರೆ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ.

ನಾಗಪ್ಪನವರು ಬಳ್ಳಾರಿ ಕಡೆಯವರು. ಬ್ರಿಟಿಷರ ಕಾಲದಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ರೈಲು ನಿಲ್ದಾಣದಲ್ಲಿ ಸಿಕ್ಕ ಒಬ್ಬ ಮೇಸ್ತ್ರಿ ಮದರಾಸಿನ ತೋಟದಲ್ಲಿ ಹಗುರದ ಕೆಲಸವಿದೆಯೆಂದು ಅವರನ್ನು ಕರೆದುಕೊಂಡು ಹೋಗಿದ್ದ. ಮದರಾಸು ಮುಟ್ಟಿದ ಮೇಲೆ ತೋಟ ಸಮುದ್ರದಾಚೆಗಿದೆ ಎಂದು ತಿಳಿಯಿತು. ಮೋರೀಸ್, ಅಂದರೆ ಮಾರಿಷಸ್ ದ್ವೀಪದ ಕಬ್ಬಿನ ಗದ್ದೆ, ಐದು ವರ್ಷದ ಕರಾರು. ಅವರ ವಯಸ್ಸನ್ನೂ ಊರಿನ ಹೆಸರನ್ನೂ ಕಾಗದದಲ್ಲಿ ಬದಲಾಯಿಸಿ, ನಂಬರು ಕೊರೆದ ತಗಡಿನ ಬಿಲ್ಲೆಯನ್ನು ಕೊರಳಿಗೆ ಕಟ್ಟಿದರಂತೆ. ಅನುಮತಿ ಚೀಟಿಯಿಲ್ಲದೆ ತೋಟದ ಗಡಿ ದಾಟಿದರೆ ಜೈಲು. ಅವ್ವನಿಗೆ ಬರೆಸಿದ ಪತ್ರವನ್ನು ತೋಟದ ಗುಮಾಸ್ತನ ಕೈಗೆ ಕೊಟ್ಟಿದ್ದರು. ಮರುದಿನ ಅದೇ ಹಾಳೆಯಿಂದ ಆತ ಚುಟ್ಟ ಹಚ್ಚಿಕೊಳ್ಳುವುದನ್ನು ಕಂಡರು. ಇಂಥದ್ದನ್ನೆಲ್ಲ ನಾಗಪ್ಪನವರು ಅಳದೆ, ಕಿರುಚದೆ, ಸಂತೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಬರೆದಿದ್ದರು. ಓದುವ ನಾನೇ ಕಣ್ಣೊರೆಸಿಕೊಳ್ಳುತ್ತಿದ್ದೆ.

ಆಯಿಯ ಮನೆಯಿಂದ ಬಸ್ಸು ಹಿಡಿದು ಮೆಹದಿಪಟ್ಟಣಂಗೆ ಬಂದರೆ ಎರಡನೆಯ ಕೆಲಸ. ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ರಾವ್ ಎಂಬವರ ಆಫೀಸಿತ್ತು. ಕೊಲ್ಲಿ ದೇಶದ ಮನೆಗಳಿಗೆ ಕೆಲಸದ ಹೆಂಗಸರನ್ನು ಕಳಿಸುವ ದಂಧೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ರಾವ್‌ಗೆ ಕನ್ನಡ ಅಷ್ಟಕ್ಕಷ್ಟೆ. ಕಾಗದದಲ್ಲೇನಿದೆ ಎಂದು ಆತ ಹೇಳಿದ್ದನ್ನು ನಾನು ಅವರಿಗೆ ಹೇಳಬೇಕು, ಅವರ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ ಕರಾರಿನ ಮೇಲೆ ಗುರುತು ಹಾಕಿಸಬೇಕು. ಕರಾರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಇತ್ತು. ನಾನು ಅದನ್ನು ಪೂರ್ತಿ ಓದುವ ಗೋಜಿಗೆ ಹೋಗಿರಲಿಲ್ಲ.

ಇನ್ನೊಂದು ಕೆಲಸವೂ ಇತ್ತು. ಹೊರಡುವ ಮೊದಲು ಆ ಹೆಂಗಸರು, ಹೊರದೇಶಕ್ಕೆ ಹೋಗಲು ಸರಕಾರ ಒಪ್ಪಿಗೆ ಕೊಡುವ ಕಚೇರಿಗೆ ಹೋಗಿ, ನನ್ನ ಮೂಲಕ ಐದು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಇದು ನಿನ್ನ ಹೆಸರೇ? ನಿನಗೆ ಮೂವತ್ತು ದಾಟಿದೆಯೇ? ಕೆಲಸ ಏನೆಂದು ಗೊತ್ತೇ? ನೀನೇ ಇಷ್ಟಪಟ್ಟು ಹೋಗುತ್ತಿದ್ದೀಯಾ? ಕೊನೆಯದು, ಯಾರಾದರೂ ಮೋಸ ಮಾಡಿ ಕರೆತಂದಿದ್ದಾರೆಯೇ? ಮೊದಲ ನಾಲ್ಕಕ್ಕೆ ಹೌದು, ಐದನೆಯದಕ್ಕೆ ಇಲ್ಲ. ದೊಡ್ಡ ಕಚೇರಿ, ಖಾಕಿ ಬಟ್ಟೆಯ ಕಾವಲುಗಾರ ಎಲ್ಲ ನೋಡಿ ಹೆಂಗಸರು ಗಾಬರಿಯಾಗಿ ತಪ್ಪುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಸೆರಗಿನೊಳಗೆ ಕೈ ಇಟ್ಟುಕೊಳ್ಳಿ, ಒಂದೊಂದು ಪ್ರಶ್ನೆಗೆ ಒಂದೊಂದು ಬೆರಳು ಮಡಚಿ. ನಾಲ್ಕು ಬೆರಳಿಗೆ ಹೌದ್ರಿ, ಹೆಬ್ಬೆರಳಿಗೆ ಇಲ್ರಿ. ಅಂದಿನಿಂದ ಒಬ್ಬಳೂ ತಪ್ಪಲಿಲ್ಲ. ರಾವ್ ನನ್ನ ಬೆನ್ನು ತಟ್ಟುವುದೊಂದು ಬಾಕಿ. ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟ. ನಾನು ಚಪ್ಪರಿಸಿ ತಿಂದೆ.

ಆಷಾಢ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಆಫೀಸಿನ ಫೋನು ರಿಂಗಾಯಿತು. ನಾನೇ ಎತ್ತಿದೆ. ಗರಗರ ಸದ್ದಿನ ನಡುವೆ ಒಂದು ಹೆಣ್ಣಿನ ದನಿ.

"ಯಾರ ಮಾತಾಡ್ತೀರಿ? ನಾ ಸಾಬವ್ವ ಅದೀನ್ರಿ. ಯಾದಗಿರಿ ಸಾಬವ್ವ."

ಬೇಸಿಗೆಯಲ್ಲಿ ನಾನೇ ಬೆರಳು ಕಲಿಸಿ ಕಳಿಸಿದ ಹೆಂಗಸು. "ಒಂದ ಮನಿ ಅಂದಿದ್ರಿ, ಮೂರು ಮನಿ ಕೆಲ್ಸ ಮಾಡಸ್ತಾರ್ರಿ. ಹೊರಗಿಂದ ಕೀಲಿ ಹಾಕ್ತಾರ. ನನ್ನ ಪಾಸ್‌ಪೋರ್ಟ್ ಇಸ್ಗೊಂಡಾರ. ಕೈ ಸುಟ್ಟೈತ್ರಿ, ದವಾಖಾನಿಗೂ ಬಿಡವಲ್ರು. ಕದ್ದು ಫೋನ್ ಹಚ್ಚೀನಿ. ನಿಮ್ಮ ಕಾಲ ಬೀಳ್ತೀನಿ, ನನ್ನ ಕರಸ್ಕೋರಿ."

ರಿಸೀವರಿನ ಬಾಯಿ ಮುಚ್ಚಿ ರಾವ್‌ಗೆ ಹೇಳಿದೆ. ಆತ ತಲೆಯನ್ನೂ ಎತ್ತಲಿಲ್ಲ. "ಅಡ್ಜಸ್ಟ್ ಚೇಸ್ಕೋಮನಂಡಿ" ಎಂದ. ಹೊಂದಿಕೊಂಡು ಹೋಗಲು ಹೇಳಿ, ಅಷ್ಟೆ.

ನಾನು ಹೇಳಿದೆ. ಬೇರೇನನ್ನೂ ಹೇಳಲು ಧೈರ್ಯವಾಗಲಿಲ್ಲ. "ಸ್ವಲ್ಪ ದಿವ್ಸ ಹೊಂದ್ಕೊಂಡು ಹೋಗವ್ವ" ಎಂದೆ. ಆ ಕಡೆ ಒಂದು ಕ್ಷಣ ಉಸಿರು ಮಾತ್ರ ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ರಾವ್ ಕ್ಯಾಲೆಂಡರಿನ ಹಾಳೆ ತಿರುವಿ ಮುಂದಿನ ವಾರ ಯಾರ್ಯಾರಿದ್ದಾರೆ ಎಂದು ಕೇಳಿದ. ನಾನು ಹೆಸರು ಓದಿ ಹೇಳಿದೆ. ದನಿ ಬದಲಾದದ್ದು ಆತನಿಗೆ ಗೊತ್ತಾಗಬಾರದೆಂದು ನಡುನಡುವೆ ಕೆಮ್ಮಿದೆ.

ಆ ಹೆಸರುಗಳಲ್ಲಿ ಹಣಮವ್ವನದೂ ಇತ್ತು. ಶೋರಾಪುರ ಕಡೆಯ ಹುಡುಗಿ. ಇಪ್ಪತ್ಮೂರಕ್ಕಿಂತ ಹೆಚ್ಚಿರಲಿಲ್ಲ, ಕಾಗದದಲ್ಲಿ ಮೂವತ್ತೊಂದಾಗಿದ್ದಳು. ಗಂಡ ತೀರಿಕೊಂಡಿದ್ದ, ನಾಲ್ಕು ವರ್ಷದ ಮಗಳು ಅಕ್ಕನ ಹತ್ತಿರ ಊರಲ್ಲಿದ್ದಳು. ಒಬ್ಬ ಮುದುಕಿಗೆ ಅಡುಗೆ ಮಾಡಿ ಹಾಕುವುದಷ್ಟೇ ಕೆಲಸವೆಂದು ರಾವ್ ಹೇಳಿದ್ದ. ಹೇಳಿದ್ದ ಎಂದರೆ, ನನ್ನ ಬಾಯಿಂದ ಹೇಳಿಸಿದ್ದ. ಸಾಬವ್ವನಿಗೂ ಅಕ್ಷರಶಃ ಅದನ್ನೇ ಹೇಳಿದ್ದೆ, ಅದೇ ಮುದುಕಿ, ಅದೇ ಅಡುಗೆ.

ಮೂರನೆಯ ದಿನ ಹಣಮವ್ವನನ್ನು ಬಸ್ ನಿಲ್ದಾಣದ ಬಳಿಯ ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ, ಹೋಗಬೇಡ ಎಂದೆ. ಸಾಬವ್ವನ ಫೋನಿನ ಮಾತು ಹೇಳಿದೆ. ಅವಳು ಚಹಾದ ಕಪ್ಪು ಕೆಳಗಿಟ್ಟು, ಬಗ್ಗಿ, ನೆತ್ತಿಯ ಸೆರಗು ಸರಿಸಿದಳು.

"ಇಲ್ಲಿ ನೋಡ್ರಿ ಅಕ್ಕಾರ. ಬುಟ್ಟಿ ಹೊತ್ತು ಹೊತ್ತು ಕೂದ್ಲಾ ಉದುರ್ಯಾವ. ನಿಮಗ ಫ್ಯಾನಿನ ಕೆಳಗ ಕುಂತು ಬರಿಯೋ ಕೆಲ್ಸ ಐತಿ. ನನಗ ಬ್ಯಾಡ ಅನ್ನಾಕ ನಿಮಗ ಭಾಳ ಸಸಾರ ಆಗೈತಿ."

"ಹಣಮವ್ವ, ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

"ಆಕಿ ನಸೀಬ ಆಕಿಗಿ, ನನ್ನ ನಸೀಬ ನನಗ. ರಾವ್ ಸಾಹೇಬ್ರು ದೇವ್ರಂಥ ಮನುಷ್ಯಾ."

ಮರುದಿನ ಆ ಪುಣ್ಯಾತ್ಗಿತ್ತಿ, ನಂಬಿಕೆಯಿಂದ ಆ ದೇವರಂಥ ಮನುಷ್ಯನನ್ನೇ ಕೇಳಿಬಿಟ್ಟಳು. "ಅಕ್ಕಾರು ಹೋಗಬ್ಯಾಡ ಅಂತಾರ್ರಿ, ಖರೆ ಏನ್ರಿ?" ಅವಳ ಕನ್ನಡ ರಾವ್‌ಗೆ ಅರ್ಥವಾಗದಿರಲೆಂದು ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ. ಅರ್ಥವಾಯಿತು. ಆತ ನಕ್ಕು, ಹೆಂಗಸರನ್ನೆಲ್ಲ ಚಹಾಕ್ಕೆ ಕೆಳಗೆ ಕಳಿಸಿದ. ಆತ ಕೂಗಾಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ತೆಲುಗಿನಲ್ಲಿ, ಮನೆಯ ಹಿರಿಯನ ಹಾಗೆ, ಮೆತ್ತಗೆ ಮಾತಾಡಿದ. ನಿಮ್ಮ ಪಾಪು ಆಟೋದಲ್ಲಿ ಡ್ರೈವರಿನ ಪಕ್ಕ ಕೂರುತ್ತಾಳಲ್ಲ, ಮಳೆಗಾಲದಲ್ಲಿ ಮುಂದೆ ಕೂರಿಸಬೇಡಿ ಅಮ್ಮಾ, ಜಾರಿ ಬಿದ್ದರೆ ಕಷ್ಟ ಎಂದ. ನಿಮ್ಮ ಮಾರ್ಕ್ಸ್ ಕಾರ್ಡುಗಳೆಲ್ಲ ನನ್ನ ಬೀರುವಿನಲ್ಲಿ ಜೋಪಾನವಾಗಿವೆ ಎಂದೂ ಸೇರಿಸಿದ. ಕೆಲಸಕ್ಕೆ ಸೇರುವಾಗ ಅಸಲು ಕಾಗದಗಳನ್ನೇ ಇಸಿದುಕೊಂಡಿದ್ದ. ನಾಗಪ್ಪನವರ ಕೊರಳಿನ ಬಿಲ್ಲೆ ಓದುವಾಗ ಕಣ್ಣೊರೆಸಿಕೊಂಡವಳಿಗೆ, ನನ್ನ ಬಿಲ್ಲೆ ಆತನ ಬೀರುವಿನಲ್ಲಿದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಮಗಳನ್ನು ತಬ್ಬಿಕೊಂಡು ಕೂತೆ. ನಮ್ಮವರು ವಿಷಯ ಕೇಳಿ, "ಬಿಟ್ಟುಬಿಡು ಆ ಕೆಲ್ಸ" ಎಂದರು.

"ನಾ ಬಿಟ್ರ ಅವ ಬಿಡ್ತಾನೇನ್ರಿ?"

ಮಾರನೆಯ ದಿನದಿಂದ ಮಗಳನ್ನು ಆಟೋದ ಹಿಂದಿನ ಸೀಟಿನಲ್ಲಿ, ಇಬ್ಬರು ದೊಡ್ಡ ಹುಡುಗಿಯರ ನಡುವೆ ಕೂರಿಸಿದೆ. ಆಟೋ ಮರೆಯಾಗುವವರೆಗೆ ರಸ್ತೆಯಲ್ಲೇ ನಿಲ್ಲುತ್ತಿದ್ದೆ. ಹಿಂದೆ ಬೈಕು ನಿಧಾನವಾದರೆ ಅದರ ನಂಬರು ಓದಿಟ್ಟುಕೊಳ್ಳುತ್ತಿದ್ದೆ. ನಾನು ಹುಟ್ಟಾ ಪುಕ್ಕಲಿ, ಚಿಕ್ಕಂದಿನಲ್ಲಿ ಹಲ್ಲಿ ಬಿದ್ದರೆ ಮನೆಯೆಲ್ಲ ಒಂದಾಗುವ ಹಾಗೆ ಕಿರುಚುತ್ತಿದ್ದವಳು. ಈ ಭಯ ಬೇರೆ ಥರದ್ದು, ಇದಕ್ಕೆ ಕಿರುಚಲೂ ಬರುತ್ತಿರಲಿಲ್ಲ.

ಅದೇ ವಾರ ಕಾಚಿಗೂಡದಲ್ಲಿ ನಾನು ಆ ಹಾಳೆಗೆ ಬಂದೆ. ಹಡಗು ಹತ್ತುವ ಮೊದಲು ನಾಗಪ್ಪನವರನ್ನು ಒಪ್ಪಿಗೆ ಕೇಳುವ ಬಿಳಿ ದೊರೆಯ ಮುಂದೆ ನಿಲ್ಲಿಸಿದ್ದರಂತೆ. ಏನು ಕೇಳಿದರೂ ಹೌದು ಅನ್ನು ಎಂದು ಮೇಸ್ತ್ರಿ ಉರು ಹೊಡೆಸಿದ್ದ. ದೊರೆ ಇಂಗ್ಲಿಷಿನಲ್ಲಿ ಕೇಳುವನು, ಪಕ್ಕದಲ್ಲಿ ನಿಂತ ದುಭಾಷಿ ಅದನ್ನು ಕನ್ನಡದಲ್ಲಿ ಹೇಳುವನು. ಆ ದುಭಾಷಿ ತಮ್ಮ ಸೀಮೆಯವನೇ ಎಂದು ಮಾತಿನಲ್ಲೇ ತಿಳಿಯಿತಂತೆ. 'ಅವನಿಗೆ ಎಲ್ಲ ಗೊತ್ತಿತ್ತು, ನಾನು ಅವನ ಮುಖ ನೋಡಿದೆ, ಅವನು ನೆಲ ನೋಡಿದ' ಎಂದು ನಾಗಪ್ಪನವರು ಬರೆದಿದ್ದರು.

ನನಗೆ ಮುಂದೆ ಓದಲಾಗಲಿಲ್ಲ. ಆಯಿ ಮಬ್ಬುಗಣ್ಣನ್ನು ನನ್ನ ಕಡೆ ಹೊರಳಿಸಿದರು.

"ಯಾಕ ನಿಂತಿ?"

"ಏನಿಲ್ಲ ಆಯಿ. ಅಕ್ಷರ ಅಳಿಸ್ಯಾವ."

"ಅಳಿಸಿದ್ರೂ ನನಗ ಗೊತ್ತೈತಿ. ನಮ್ಮ ಮುತ್ಯಾ ಸಾಯೋತನಕ ಅವನ್ನ ಬೈದ. ಮೇಸ್ತ್ರಿನ್ನ ಅಲ್ಲ, ದೊರೀನ್ನ ಅಲ್ಲ. ಆ ದುಭಾಷಿನ್ನ. ತಿರುಗಿ ಬಂದ ಮ್ಯಾಲೆ ಒಬ್ರ ಮುಂದೂ ಹೌದು ಅಂದಾಂವಲ್ಲ. ಊಟ ಆತೇನು ಮುತ್ಯಾ ಅಂದ್ರ, ನೋಡೋಣು ಅಂತಿದ್ದ. ಉಂಡು ಕೈ ತೊಳದಾನ, ಇನ್ನೇನ ನೋಡೂದು!" ಎಂದು ಆಯಿ ಬೊಚ್ಚುಬಾಯಿ ತುಂಬ ನಕ್ಕರು. ನಾನೂ ನಗಲು ನೋಡಿದೆ. ಆಗಲಿಲ್ಲ.

ಹಣಮವ್ವನನ್ನು ಕಚೇರಿಗೆ ಕರೆದೊಯ್ಯುವ ದಿನ ಬಂತು. ಬೆಳಗ್ಗೆ ಹನ್ನೊಂದು ಗಂಟೆ, ಸಣ್ಣಗೆ ಜಿನುಗುವ ಮಳೆ. ರಾವ್‌ನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾವಿಬ್ಬರೂ. ಅವಳು ಹೊಸ ಸೀರೆ ಉಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ತಲೆ ಬಾಚಿದ್ದಳು. ದಾರಿಯುದ್ದಕ್ಕೂ ಸೆರಗಿನೊಳಗೆ ಬೆರಳು ಮಡಚುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. "ನಾಕ ಹೌದ್ರಿ, ಒಂದ ಇಲ್ರಿ. ಬರೋಬರಿ ಅಲ್ರಿ ಅಕ್ಕಾರ?" ಎಂದು ಪಿಸುಗುಟ್ಟಿ ಕೇಳಿದಳು. ರಾವ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. "ಬರೋಬರಿ" ಎಂದೆ.

ಅಲ್ಲಿ ಯಾವಾಗಲೂ ಒಬ್ಬ ವಯಸ್ಸಾದ ಗುಮಾಸ್ತರು ಇರುತ್ತಿದ್ದರು. ಫೈಲಿನಿಂದ ತಲೆಯೆತ್ತದೆ ಐದು ಪ್ರಶ್ನೆಗಳನ್ನೂ ಒಂದೇ ಉಸಿರಿಗೆ, ಅದೇ ಸಾಲಿನಲ್ಲಿ ಕೇಳಿ ಮುಗಿಸುತ್ತಿದ್ದರು. ಅಂದು ಆ ಕುರ್ಚಿಯಲ್ಲಿ ಹೊಸ ಅಧಿಕಾರಿಣಿ ಇದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹಣಮವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪ್ರಶ್ನೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹಿಂದಿಯಲ್ಲಿ ಮೊಟ್ಟಮೊದಲು ಕೇಳಿದ್ದೇ ಕೊನೆಯ ಪ್ರಶ್ನೆ, ನಿನಗೆ ಯಾರಾದರೂ ಮೋಸ ಮಾಡಿ ಕರೆತಂದಿದ್ದಾರೆಯೇ?

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಯಾರರೆ ನಿನಗ ಮೋಸ ಮಾಡಿ ಕರ್ಕೊಂಡು ಬಂದಾರೇನು?"

ಸೆರಗಿನ ಕೆಳಗೆ ಅವಳ ಕಿರುಬೆರಳು ಮಡಚಿಕೊಂಡದ್ದು ನನಗೆ ಕಂಡಿತು. ಅವಳು ಗಟ್ಟಿಯಾಗಿ, ಸ್ಪಷ್ಟವಾಗಿ, ಕಲಿಸಿದ ಹಾಗೆಯೇ ಹೇಳಿದಳು. "ಹೌದ್ರಿ."

ಅವಳು ಹೌದೆಂದದ್ದು ಬೆರಳಿಗೆ, ಪ್ರಶ್ನೆಗಲ್ಲ. ಗಾಬರಿಯಲ್ಲಿ ಅವಳ ಕಿವಿಗೆ ಪ್ರಶ್ನೆ ಬಿದ್ದೇ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಬಾಗಿಲ ಬಳಿ ನಿಂತಿದ್ದ ರಾವ್ ಕಾರಿನ ಕೀಲಿ ಗಲಗಲಿಸಿದ. ಆಮೇಲೆ ಮುಂದೆ ಬಂದು, ಮೇಡಂ, ಈಕೆಗೆ ಪ್ರಶ್ನೆ ತಿಳಿದಿಲ್ಲ, ಇನ್ನೊಮ್ಮೆ ಕೇಳಿಸಿ ಎಂದ. ಹಾಗೆನ್ನುತ್ತಾ ನನ್ನ ಕಡೆ ನೋಡಿದ. ಮಗಳ ಕುಶಲ ವಿಚಾರಿಸಿದಾಗಿನ ಅದೇ ಮೆತ್ತನೆಯ ನೋಟ.

ಅಧಿಕಾರಿಣಿ ಕೈಯೆತ್ತಿ ಅವನನ್ನು ತಡೆದರು. ನೀವು ಹೇಳಿ, ಇವಳು ಏನಂದಳು ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು.

ಏನೋ ತಪ್ಪಾಗಿದೆ ಎಂದು ಹಣಮವ್ವನಿಗೆ ಹೊಳೆದಿರಬೇಕು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹಳೆಯ ಹಾಸುಗಲ್ಲು, ಒದ್ದೆ ಚಪ್ಪಲಿಗಳ ಗುರುತು. ಮಗಳು ಕಣ್ಣ ಮುಂದೆ ಬಂದಳು, ಆಟೋ, ಮಳೆ, ರಸ್ತೆ. ತಿದ್ದಿಬಿಡಲೇ? ಗೊತ್ತಾಗದೆ ಅಂದಳು ಎಂದರೆ ಮುಗಿಯಿತು, ನಾನೂ ನನ್ನ ಮಗಳೂ ಕ್ಷೇಮ. ಹೊಂದಿಕೊಂಡು ಹೋಗು ಎಂದಾಗ ಫೋನಿನ ಆ ಕಡೆ ಕೇಳಿಸಿದ್ದ ಉಸಿರು ನನ್ನ ಕಿವಿಯಲ್ಲೇ ಇತ್ತು.

"ಹೌದು ಅಂದಳು ಮೇಡಂ" ಎಂದೆ. "ಮೋಸ ಮಾಡಿದ್ದಾರೆ ಎಂದಳು."

ನಾನು ಮಾಡಿದ್ದು ಅಷ್ಟೇ. ಅವಳಂದ ಮಾತನ್ನು ತಿದ್ದದೆ ದಾಟಿಸಿದ್ದು. ಅಧಿಕಾರಿಣಿ ಗಂಟೆ ಒತ್ತಿ ರಾವ್‌ನನ್ನು ಹೊರಗೆ ಕಳಿಸಿದರು, ಬಾಗಿಲು ಹಾಕಿಸಿದರು. ಆಮೇಲೆ ನನ್ನ ಬಾಯಿ ತಾನಾಗಿಯೇ ಬಿಚ್ಚಿತು. ಸುಳ್ಳು ವಯಸ್ಸು, ಬೆರಳಿನ ಪಾಠ, ಸಾಬವ್ವನ ಸುಟ್ಟ ಕೈ, ಹೊಂದಿಕೊಂಡು ಹೋಗು ಎಂದ ನನ್ನ ಮಾತು, ಎಲ್ಲ ಹೇಳಿದೆ. ಅವರು ಸಾಬವ್ವನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು.

ಹಣಮವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. "ನನ್ನ ಅನ್ನದಾಗ ಮಣ್ಣ ಹಾಕಿದ್ರಿ" ಎಂದಳು. "ನೀವು ಕಲಿಸಿದಂಗ ಹೇಳೀನಿ. ನಿಮ್ಮ ಬೆರಳು ಸೇದಿ ಹೋಗ್ಲಿ." ನಾನು ಮುಟ್ಟಲು ಹೋದರೆ ಕೈ ಕೊಡವಿದಳು. ಮಳೆಯಲ್ಲೇ ನಡೆದುಹೋದಳು, ಹೊಸ ಸೀರೆಯ ಬಣ್ಣ ಬಿಟ್ಟು ಹಿಮ್ಮಡಿಗಿಳಿಯುತ್ತಿತ್ತು. ಅವಳ ಸಿಟ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಬುಟ್ಟಿ ಹೊರುವವಳು ನಾನಲ್ಲವಲ್ಲ. ಆಮೇಲೆ ನಾನು ಅವಳನ್ನು ನೋಡಲಿಲ್ಲ.

ರಾವ್‌ನ ಆಫೀಸಿನ ಶಟರು ಒಂದು ವಾರದಲ್ಲಿ ಇಳಿಯಿತು. ಆತ ಎಲ್ಲಿ ಹೋದನೆಂದು ಯಾರೂ ಹೇಳಲಿಲ್ಲ, ನನ್ನ ಮಾರ್ಕ್ಸ್ ಕಾರ್ಡುಗಳು ಬರಲಿಲ್ಲ. ಶಟರು ಇಳಿದ ಮೇಲೆ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಎದುರಿಗಿದ್ದಾಗ ಆತ ಎಲ್ಲಿದ್ದಾನೆಂದಾದರೂ ಗೊತ್ತಿರುತ್ತಿತ್ತು. ಮನೆ ಬದಲಾಯಿಸಿದೆವು, ಅದೇ ಸನತ್‌ನಗರದಲ್ಲಿ ಎರಡು ಓಣಿ ಆಚೆ. ಮಗಳನ್ನು ನಾನೇ ನಡೆಸಿಕೊಂಡು ಹೋಗತೊಡಗಿದೆ. ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ಇಣುಕುತ್ತಿದ್ದೆ.

ಆಯಿಗೆ ಎಲ್ಲವನ್ನೂ ಹೇಳಿದ್ದೆ. ಅವರು ಕೇಳಿದರು, "ಆ ಹುಡುಗಿ ನಿನ್ನ ಮಾರಿ ನೋಡ್ದಾಗ ನೀ ಎಲ್ಲಿ ನೋಡಿದಿ?"

"ನಾನೂ ನೆಲಾನ ನೋಡ್ದೆ ಆಯಿ."

"ಬಾಯಿ?"

"ಬಾಯಿ ಹೇಳ್ತು."

"ಹಂಗಾದ್ರ ಬರಿ" ಎಂದರು. ನಾನು ನೋಟ್‌ಬುಕ್ಕಿನ ಆ ಹಾಳೆಯನ್ನು ಬಿಟ್ಟಲ್ಲಿಂದ ಇಳಿಸಿದೆ. ಚಳಿಗಾಲ ಮುಗಿಯುವಷ್ಟರಲ್ಲಿ ನಾಗಪ್ಪನವರು ದ್ವೀಪದಿಂದ ವಾಪಸು ಬಂದು ಬಳ್ಳಾರಿಯಲ್ಲಿ ರೈಲಿಳಿದರು. ಅಲ್ಲಿಗೆ ಪುಸ್ತಕ ಮುಗಿಯಿತು.

ಮತ್ತೆ ಮಳೆ ಶುರುವಾದಾಗ, ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಬಡಕಲು ಹೆಂಗಸೊಬ್ಬಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಗುರುತು ಹತ್ತಲು ಹೊತ್ತು ಹಿಡಿಯಿತು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಚರ್ಮ ಸುಕ್ಕುಗಟ್ಟಿತ್ತು. ಸಾಬವ್ವ ಬದುಕಿದ್ದಳು. ಆ ಅಧಿಕಾರಿಣಿ ಬರೆದ ಕಾಗದಗಳು ಯಾವ ಯಾವ ಮೇಜು ದಾಟಿದವೋ, ಅಂತೂ ಅವಳನ್ನು ಕಳಿಸಿಕೊಟ್ಟಿದ್ದರು. ಹೊಸ ಮನೆಯ ವಿಳಾಸವನ್ನು ನಾನು ಆ ಕಚೇರಿಯೊಂದಕ್ಕೇ ಕೊಟ್ಟಿದ್ದೆ, ಅಲ್ಲೇ ಕೇಳಿಕೊಂಡು ಬಂದಿದ್ದಳು.

ಸಂತೋಷವಾಗಬೇಕಿತ್ತು. ಸತ್ಯ ಹೇಳುತ್ತೇನೆ, ರಾವ್‌ಗೂ ನಾನು ಅಷ್ಟು ಹೆದರಿರಲಿಲ್ಲ. ಒಳಗೆ ಕರೆದು ನೀರು ಕೊಟ್ಟೆ. ಕುಡಿಯಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ದನಿಯನ್ನು ಆಲಿಸುವವಳ ಹಾಗೆ ತಲೆ ವಾಲಿಸಿ ಕೂತಿದ್ದಳು.

"ನನ್ನ ಹೆಸರು ಬರಸಿದಾಕಿ ನೀವ ಅಂತ ಆಫೀಸಿನ್ಯಾಗ ಹೇಳಿದ್ರು" ಎಂದಳು. "ಇನ್ನೊಂದು ಕೇಳೂದಿತ್ತು. ಅವತ್ತ ಫೋನಿನ್ಯಾಗ, ಹೊಂದ್ಕೊಂಡು ಹೋಗವ್ವ ಅಂದಾಕಿನೂ ನೀವ ಏನ್ರಿ?"

ಸೆರಗಿನೊಳಗೆ ನನ್ನ ಕೈಯಿತ್ತು. ಹೊರಗೆ ತೆಗೆದು ನೆಲದ ಮೇಲಿಟ್ಟೆ. ಈ ಸಲ ಅವಳ ಮುಖ ನೋಡಿದೆ.

"ಹೌದು ಸಾಬವ್ವ" ಎಂದೆ. "ನಾನ."